ಡಚ್ಚರ ನಾಡಿನಲ್ಲಿ ಸಂಸಾರಕ್ಕೊಂದು ಮನೆ

ಮನೆ ನೋಡಲು ಹೊರಟಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಈ ನೆದರ್‌ಲ್ಯಾಂಡ್ಸ್‌ನ ಮನೆಗಳೇ ಹೀಗೆ ಎನ್ನುವುದು ನನ್ನ ವಾದ. ದೋಷ ಮನೆಗಳಲ್ಲಿಲ್ಲ, ನೋಡಲು ಹೋಗುವವರಲ್ಲಿದೆ ಎನ್ನುವುದು ನನ್ನ ಹೆಂಡತಿಯ ವಾದ.

ಮೈಸೂರು ಬಿಟ್ಟ ನಾಲ್ಕು ವರ್ಷದಲ್ಲಿ ಗ್ರೋನಿಂಗನ್, ಆಲ್ಮೆರೆ, ಐಂಡ್‌ಹೋವನ್ ಎಂದು ಮೂರು ಊರು, ಮೂರು ಬಾಡಿಗೆ ಮನೆ ಆಗಿದ್ದವು. ಏಳು ವರ್ಷದ ಮಗಳಿಗೆ ಮೂರು ಶಾಲೆ. ಮೂರನೆಯ ಶಾಲೆಯ ಮೊದಲ ದಿನ ಅವಳು ಅಳಲಿಲ್ಲ, ಹಟ ಮಾಡಲಿಲ್ಲ. "ಅಪ್ಪಾ, ಇಲ್ಲಿ ಎಷ್ಟು ದಿನ? ಸ್ವಲ್ಪ ದಿನ ಆದ್ರೆ ನಾನು ಫ್ರೆಂಡ್ಸ್ ಮಾಡ್ಕೊಳಲ್ಲ" ಎಂದಳು, ಅಷ್ಟೆ. ಆಗಸ್ಟ್‌ನಲ್ಲಿ ಬಾಡಿಗೆ ಕರಾರು ಮುಗಿಯುವುದರೊಳಗೆ ಇದೇ ಊರಿನಲ್ಲಿ ಸ್ವಂತ ಮನೆ ಮಾಡುತ್ತೇನೆ, ಇನ್ನು ಶಾಲೆ ಬದಲಿಲ್ಲ ಎಂದು ಅಲ್ಲೇ ಮಾತು ಕೊಟ್ಟುಬಿಟ್ಟೆ. ಹೆಂಡತಿ ಹಣೆ ಒತ್ತಿಕೊಂಡಳು. ನನಗೆ ಮಾತ್ರ ನನ್ನ ಮೇಲೆ ಯಾವ ಅನುಮಾನವೂ ಇರಲಿಲ್ಲ.

ಎಕ್ಸೆಲ್ ಆರಿಸಿದ ಮನೆ

ಸಾಫ್ಟ್‌ವೇರಿನವನು ಮನೆಯನ್ನು ಕಣ್ಣಿನಿಂದ ಆರಿಸುವುದಿಲ್ಲ. ನಾನು ಒಂದು ಎಕ್ಸೆಲ್ ಹಾಳೆ ಮಾಡಿದೆ. ಶಾಂತಿಗೆ ಇಷ್ಟು ಅಂಕ, ಹಸಿರಿಗೆ ಇಷ್ಟು, ಎದುರಿಗೆ ಕಾರು ಓಡಾಡದಿದ್ದರೆ ಇಷ್ಟು, ಡಾಕ್ಟರು ಹತ್ತಿರವಿದ್ದರೆ ಇಷ್ಟು. ಒಂದು ಮನೆ ಎಲ್ಲವನ್ನೂ ಹಿಂದಿಕ್ಕಿ ಮೊದಲ ಸ್ಥಾನ ಪಡೆಯಿತು. ಸಂಸಾರಸ್ಥರಿಗೆ ಇದಕ್ಕಿಂತ ಒಳ್ಳೆಯ ಜಾಗ ಯುರೋಪಿನಲ್ಲೇ ಇಲ್ಲ ಎಂದು ಹೆಂಡತಿಗೆ ಹೇಳಿ ಕರೆದುಕೊಂಡು ಹೋದೆ.

ನಿಜಕ್ಕೂ ಸೊಗಸಾದ ಜಾಗ. ತೋಟ, ಬೆಂಚು, ಅಗಲವಾದ ಲಿಫ್ಟು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸ್ಟೀಲಿನ ಹಿಡಿಕೆಗಳು. ಮಕ್ಕಳ ಸುರಕ್ಷತೆಯ ಬಗ್ಗೆ ಎಷ್ಟು ಕಾಳಜಿ ನೋಡು ಎಂದೆ. ಮಕ್ಕಳೆಲ್ಲಿ ಎಂದು ಅವಳು ಕೇಳಿದಳು. ಶಾಲೆಗೆ ಹೋಗಿರುತ್ತಾರೆ ಎಂದೆ. ಅದು ಭಾನುವಾರ ಎಂದು ಅವಳು ನೆನಪಿಸಿದಳು.

ಮನೆ ತೋರಿಸುತ್ತಿದ್ದ ಹೆಂಗಸು ಎಲ್ಲ ಮುಗಿಸಿ, ಇದು ಐವತ್ತೈದು ದಾಟಿದವರಿಗೆ ಮೀಸಲಾದ ಕಟ್ಟಡ, ದಂಪತಿಯಲ್ಲಿ ಒಬ್ಬರಿಗೆ ಅಷ್ಟು ವಯಸ್ಸಾಗಿದ್ದರೆ ಸಾಕು, ನಿಮ್ಮಲ್ಲಿ ಯಾರು ಎಂದು ವಿನಯದಿಂದ ಕೇಳಿದಳು. ನನಗಿನ್ನೂ ಮೂವತ್ತೊಂಬತ್ತು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿಯ ಬೆರಳು ನನ್ನ ಕಡೆ ತಿರುಗಿತ್ತು.

ಪರದೆ ಎಳೆಯದ ಬೀದಿ

ಎಕ್ಸೆಲ್ ಬಿಟ್ಟು ಕಣ್ಣನ್ನೇ ನಂಬುವುದೆಂದು ತೀರ್ಮಾನಿಸಿದೆ. ಬಡಾವಣೆ ಸಂಸಾರಸ್ಥರದ್ದೋ ಅಲ್ಲವೋ ಎಂದು ತಿಳಿಯಬೇಕಾದರೆ ಸಂಜೆ ಆರಕ್ಕೆ ಹೋಗಬೇಕು. ಡಚ್ಚರು ಆರಕ್ಕೆ ಸರಿಯಾಗಿ ಊಟಕ್ಕೆ ಕೂರುತ್ತಾರೆ, ಪರದೆ ಎಳೆಯುವ ಅಭ್ಯಾಸ ಬಹಳ ಮನೆಗಳಲ್ಲಿ ಇಲ್ಲ. ಬೀದಿಯಲ್ಲಿ ನಡೆದರೆ ಸಾಕು, ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ, ಎಲ್ಲ ತಿಳಿಯುತ್ತದೆ.

ಮಾರ್ಚ್ ತಿಂಗಳ ಚಳಿ. ಮಂಕಿ ಟೋಪಿ ಹಾಕಿಕೊಂಡು ಆ ತುದಿಯಿಂದ ಈ ತುದಿಗೆ ಮೂರು ಸಲ ನಡೆದೆ. ಹದಿನೆಂಟು ಮನೆಯಲ್ಲಿ ಇಪ್ಪತ್ತೆರಡು ಮಕ್ಕಳು. ಖುಷಿಯಾಗಿ ಇನ್ನೊಮ್ಮೆ ಎಣಿಸಲು ಹೊರಟಾಗ ಮುದುಕರೊಬ್ಬರು ಬಾಗಿಲು ತೆರೆದು ಏನು ಬೇಕು ಎಂದು ಕೇಳಿದರು. ಈ ಬೀದಿ ಮಕ್ಕಳಿಗೆ ಸುರಕ್ಷಿತವೇ ಎಂದು ವಿಚಾರಿಸಿದೆ.

ಅರ್ಧ ಗಂಟೆ ಹಿಂದಿನವರೆಗೆ ಸುರಕ್ಷಿತವಾಗಿತ್ತು ಎಂದರು ಅವರು. ಮುಖ ಮುಚ್ಚಿಕೊಂಡ ಒಬ್ಬ ಮನೆಮನೆಗೂ ಇಣುಕಿ ಮಕ್ಕಳನ್ನು ಎಣಿಸುತ್ತಿದ್ದಾನೆಂದು ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಗಲಾಟೆಯಂತೆ. ಫೋಟೋ ತೋರಿಸಿದರು. ಟೋಪಿ ಬಹಳ ಸ್ಪಷ್ಟವಾಗಿ ಬಂದಿತ್ತು. ಸಾಕ್ಷಿಗಿರಲಿ ಎಂದು ಬೀದಿಯ ಬಸ್ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದ ಹೆಂಡತಿಯನ್ನು ಕರೆದೆ. ಅವಳು ಆ ಕಡೆಯಿಂದ ಬಂದ ಬಸ್ಸು ಹತ್ತಿಬಿಟ್ಟಳು.

ಅತ್ತೆಯವರು ಕೈಮುಗಿದದ್ದು

ಮೂರನೆಯ ಮನೆಯನ್ನು ಮೈಸೂರಿನಿಂದ ಅತ್ತೆಯವರೇ ವಿಡಿಯೋ ಕಾಲ್‌ನಲ್ಲಿ ಪರೀಕ್ಷಿಸಿದರು. ಕಡಿದಾದ ಮೆಟ್ಟಿಲು ನೋಡಿ, ಇದು ಏಣಿ, ಮೆಟ್ಟಿಲು ಎಲ್ಲಿ ಎಂದು ಕೇಳಿದರು. ಹಿತ್ತಲಿನಲ್ಲಿ ತುಳಸಿಗೆ ಜಾಗ ಗುರುತು ಮಾಡಿಸಿದರು. ಏಜೆಂಟ್ ಯುವಕ ಸೂಟು ಹಾಕಿಕೊಂಡು ನಮ್ಮ ಹಿಂದೆಯೇ ತಿರುಗುತ್ತಿದ್ದ.

ಇಲ್ಲಿನ ಮನೆಗಳಲ್ಲಿ ಮುಂಬಾಗಿಲ ಪಕ್ಕದಲ್ಲೇ ಒಂದು ಕಿರಿದಾದ ಬೀರು ಇರುತ್ತದೆ. ಕರೆಂಟು, ಗ್ಯಾಸಿನ ಮೀಟರುಗಳು, ಇಂಟರ್ನೆಟ್ ಪೆಟ್ಟಿಗೆ, ಎಲ್ಲ ಅದರೊಳಗೆ. ನಾನು ಅದರ ಬಾಗಿಲು ತೆಗೆದೆ. ಕತ್ತಲಲ್ಲಿ ಹಸಿರು, ಕೆಂಪು ದೀಪಗಳು ಮಿನುಗಿದವು.

"ಅಳಿಯಂದ್ರೆ, ದೇವರ ಗೂಡು ಎಷ್ಟು ಲಕ್ಷಣವಾಗಿದೆ. ಸೀರಿಯಲ್ ಲೈಟ್ ಬೇರೆ ಹಾಕಿದಾರೆ. ಸುಮ್ನೆ ನಿಂತ್ಕೊಂಡ್ರಲ್ಲ, ನಮಸ್ಕಾರ ಮಾಡಿ" ಎಂದು ಅತ್ತೆಯವರು ಫೋನಿನ ಪರದೆಯ ಮೇಲೆ ಕೈಮುಗಿದರು.

ಅತ್ತೆಯವರಿಗೆ ಎದುರಾಡಿ ಅಭ್ಯಾಸವಿಲ್ಲ. ಕಣ್ಣುಮುಚ್ಚಿ ಭಕ್ತಿಯಿಂದ ಬಗ್ಗಿ ನಮಸ್ಕರಿಸಿದೆ. ಏಜೆಂಟ್ ನಾನು ನೆಟ್ಟಗಾಗುವವರೆಗೂ ಕಾದು, ಇಲ್ಲಿ ಇಂಟರ್ನೆಟ್ ಚೆನ್ನಾಗಿದೆ ನಿಜ, ಆದರೆ ಇಷ್ಟೊಂದೇನೂ ಚೆನ್ನಾಗಿಲ್ಲ ಎಂದ.

ಗೋಡೆಯ ಮೇಲಿನ ಹೆಸರುಗಳು

ಮೇ ತಿಂಗಳು ಮುಗಿಯುತ್ತ ಬಂತು. ಕೊನೆಗೂ ಒಂದು ಮನೆ ಮೂವರಿಗೂ ಹಿಡಿಸಿತು. ಒಂಟಿ ಅಜ್ಜಿಯೊಬ್ಬರ ಮನೆ, ಮಗಳ ಶಾಲೆಗೆ ಎರಡೇ ತಿರುವು. ಮಗಳು ಮಹಡಿಯ ಪುಟ್ಟ ಕೋಣೆಗೆ ಹೋಗಿ ಕಿಟಕಿಯ ಪಕ್ಕ ಕುಳಿತುಬಿಟ್ಟಳು. ಕೆಳಗೆ ಬಾ ಎಂದರೆ ಬರಲಿಲ್ಲ. ಈ ಮನೆ ತಪ್ಪಿದರೆ ಅವಳ ಮುಖ ನೋಡುವುದು ಹೇಗೆ ಎಂದು ಮೊದಲ ಸಲ ಹೆದರಿದೆ.

ನೋಡಲು ಬಂದವರು ಬಹಳ. ಎರಡನೆಯ ಸಲ ಮನೆ ನೋಡಲು ಬರುವವರು ಪಟ್ಟಿಯಲ್ಲಿ ಹೆಸರು ಬರೆಯಿರಿ ಎಂದು ಏಜೆಂಟ್ ಕೂಗಿ ಹೇಳಿದ. ಪಟ್ಟಿ ಹುಡುಕುತ್ತ ನಡುವೆ ಶೌಚಾಲಯಕ್ಕೆ ಹೋದೆ. ಪಟ್ಟಿ ಅಲ್ಲೇ ಇತ್ತು. ಗೋಡೆಗೆ ಕ್ಯಾಲೆಂಡರು, ದಾರಕ್ಕೆ ಕಟ್ಟಿದ ಪೆನ್ನು, ತಾರೀಖುಗಳ ಮುಂದೆ ಹೆಸರುಗಳು. ಹಾಳೆ ತಿರುವಿದೆ. ಡಿಸೆಂಬರಿನವರೆಗೂ ಜನ ಜಾಗ ಹಿಡಿದಿದ್ದರು. ಒಂದು ಕಾಫಿಗೆ ಮೂರು ವಾರ ಮೊದಲೇ ದಿನ ಗೊತ್ತುಮಾಡುವ ಡಚ್ಚರಲ್ಲವೇ, ನನಗೆ ಅನುಮಾನವೇ ಬರಲಿಲ್ಲ. ಒಬ್ಬರೂ ಫೋನ್ ನಂಬರ್ ಬರೆದಿರಲಿಲ್ಲ, ದಡ್ಡರು. ಜೂನ್ ಎರಡನೆಯ ವಾರದಲ್ಲಿ ಒಂದು ಖಾಲಿ ದಿನ ಹುಡುಕಿ, ಪೂರ್ತಿ ಹೆಸರು, ನಂಬರು, ಮೂರು ಜನ, ಸಸ್ಯಾಹಾರಿಗಳು ಎಂದು ದುಂಡಗೆ ಬರೆದೆ.

ಆ ದಿನ ಮೈಸೂರು ಪಾಕಿನ ಡಬ್ಬಿ ಹಿಡಿದು ಮೂವರೂ ಹೋದೆವು. ಬಾಗಿಲು ತೆರೆದ ಅಜ್ಜಿ ಒಂದು ಕ್ಷಣ ನನ್ನನ್ನು ದಿಟ್ಟಿಸಿ, ಡಬ್ಬಿ ನೋಡಿ, ತಟ್ಟನೆ ನನ್ನನ್ನು ತಬ್ಬಿಕೊಂಡು ಹುಟ್ಟುಹಬ್ಬದ ಶುಭಾಶಯ ಹೇಳಿದರು. ಹೆಂಡತಿಯ, ಮಗಳ ಕೈಕುಲುಕಿ ಅವರಿಗೂ ಶುಭಾಶಯ ಹೇಳಿದರು. ಇಲ್ಲಿ ಮನೆಯವರಿಗೆಲ್ಲ ಹೇಳುವುದು ವಾಡಿಕೆ. ಹುಟ್ಟುಹಬ್ಬದವನೇ ಸಿಹಿ ತರುವುದೂ ವಾಡಿಕೆ. ಮೇಜಿನ ಮೇಲೆ ಅವರು ಮಾಡಿದ ಆಪಲ್ ಪೈ ಇತ್ತು. ಮನೆ ಕೈತಪ್ಪೀತೆಂದು ನಾನು ತೆಪ್ಪಗೆ ಕುಳಿತು ಹುಟ್ಟುಹಬ್ಬ ಆಚರಿಸಿಕೊಂಡೆ. ಎರಡನೆಯ ತುಂಡಿಗೆ ಕೈ ಹಾಕುವಾಗ ಮಗಳು ಸ್ವಚ್ಛ ಡಚ್ಚಿನಲ್ಲಿ, ನಮ್ಮಪ್ಪ ಹುಟ್ಟಿದ್ದು ಜನವರಿಯಲ್ಲಿ ಎಂದಳು.

ಇನ್ನು ಮುಚ್ಚಿಡುವುದೇನು, ಎಲ್ಲ ಹೇಳಿಬಿಟ್ಟೆ. ಅಜ್ಜಿ ಆ ಕ್ಯಾಲೆಂಡರಿನ ಗುಟ್ಟು ಬಿಡಿಸಿ ಹೇಳಿದರು. ಡಚ್ಚರು ಬಂಧುಬಳಗದ ಹುಟ್ಟುಹಬ್ಬಗಳನ್ನು ಮರೆಯದಿರಲು ಶೌಚಾಲಯದಲ್ಲಿ ಕ್ಯಾಲೆಂಡರು ತೂಗುಹಾಕುತ್ತಾರಂತೆ. ಏಜೆಂಟನ ಪಟ್ಟಿ ಅಡುಗೆಮನೆಯ ಮೇಜಿನ ಮೇಲಿತ್ತಂತೆ.

"ಎರಡು ವಾರದಿಂದ ನಿದ್ದೆಯಿಲ್ಲ" ಎಂದರು ಅಜ್ಜಿ. ಅವರ ಡಚ್ಚನ್ನು ನಮ್ಮ ಮಗಳು ನಮಗೆ ಕನ್ನಡದಲ್ಲಿ ಹೇಳಿದಳು. "ಈ ಹೆಸರಿನ ನೆಂಟ ಯಾರು ಅಂತ ನೆನಪೇ ಆಗ್ತಿರಲಿಲ್ಲ. ಮರೆವಿನ ಕಾಯಿಲೆ ಬಂತು ಅಂದ್ಕೊಂಡಿದ್ದೆ. ನನ್ನ ಮಕ್ಕಳಿಗೂ ಹೇಳಿಲ್ಲ." ಆಮೇಲೆ ನಗಲು ಶುರುಮಾಡಿದರು. ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು. ನಮಗೂ ತಡೆಯಲಾಗಲಿಲ್ಲ.

ಅಲ್ಲೇ ಏಜೆಂಟ್‌ಗೆ ಫೋನ್ ಮಾಡಿದರು. ನಮಗಿಂತ ಹೆಚ್ಚು ಕೊಡುವವರಿದ್ದಾರೆ ಎಂದು ಅವನು ತಕರಾರು ತೆಗೆದ. ಅವರು ಯಾರೂ ನನ್ನ ಕ್ಯಾಲೆಂಡರಿನಲ್ಲಿಲ್ಲ ಎಂದರು ಅಜ್ಜಿ. ಮಗಳು ಆಗಲೇ ಮಹಡಿ ಹತ್ತಿದ್ದಳು.

ಆಗಸ್ಟ್‌ನಲ್ಲಿ ಮನೆ ನಮ್ಮದಾಯಿತು. ಅಜ್ಜಿ ಕ್ಯಾಲೆಂಡರನ್ನು ತಮ್ಮ ಹೊಸ ಫ್ಲಾಟಿಗೆ ಒಯ್ದರು, ನನ್ನ ಹೆಸರು ಹೊಡೆದುಹಾಕಲಿಲ್ಲ. ಪ್ರತಿ ಜೂನ್‌ನಲ್ಲೂ ಆಪಲ್ ಪೈ ಹಿಡಿದು ಬರುತ್ತಾರೆ, ಹೆಂಡತಿ ಪಾಯಸ ಮಾಡುತ್ತಾಳೆ, ಮಗಳು ತನ್ನ ಗೆಳತಿಯರನ್ನೆಲ್ಲ ಕರೆಯುತ್ತಾಳೆ, ಬೀದಿಯವರು ಬಂದು ಕೈಕುಲುಕುತ್ತಾರೆ. ಜನವರಿಯಲ್ಲಿ ನಾನು ನಿಜವಾಗಿ ಹುಟ್ಟಿದ ದಿನ ಮಾತ್ರ ಮನೆಯಲ್ಲಿ ಯಾರಿಗೂ ನೆನಪಿರುವುದಿಲ್ಲ.