ಗಾಡಿ ಕಾಣದ ಪಾನಾಗಳು

ನಮ್ಮ ಅಕ್ಕನ ಗಂಡನ ಬಳಿ ಇರುವಷ್ಟು ಪಾನಾಗಳು ಬೈಲಹೊಂಗಲದಿಂದ ರಾಮದುರ್ಗದವರೆಗಿನ ಯಾವ ಮೇಸ್ತ್ರಿಯ ಬಳಿಯೂ ಇಲ್ಲ. ನಟ್ಟನ್ನು ನೇರವಾಗಿ ಹಿಡಿಯುವ ಪಾನಾ, ಮೂಲೆಗೆ ನುಗ್ಗಿ ಹಿಡಿಯುವ ಪಾನಾ, ಕತ್ತು ತಿರುಗಿಸಿ ಬೆನ್ನ ಹಿಂದಿನಿಂದ ಹಿಡಿಯುವ ಪಾನಾ, ಎಲ್ಲವೂ ಇವೆ. ಇಲ್ಲದಿರುವುದು ಒಂದೇ, ಅವರಿಂದ ಬಿಚ್ಚಿಸಿಕೊಂಡ ನಟ್ಟು.

ಪಾನಾ ಅಂದರೇನು ಎಂದು ಕೆಲವರು ಕೇಳಬಹುದು. ಸಾಲಿ ಪೂರ್ತಿ ಕಲಿತವರು ಅದನ್ನು ಸ್ಪ್ಯಾನರ್ ಅನ್ನುತ್ತಾರೆ. ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು, ಪಾನಾ ಅಂತಲೇ ಅನ್ನುತ್ತೇನೆ. ಸಾಲಿ ಬಿಟ್ಟಾಗ ಕೈಗೆ ಬಂದದ್ದು ಇನ್ನೂ ಕೈಯಲ್ಲೇ ಇದೆ. ಬೈಲಹೊಂಗಲದಲ್ಲಿ ನನ್ನ ಸ್ವಂತ ಗ್ಯಾರೇಜಿದೆ. ಜಂಬ ಅಂದುಕೊಂಡರೂ ಚಿಂತೆಯಿಲ್ಲ, ಹಗ್ಗ ಕಟ್ಟಿ ಎಳೆದು ತಂದ ಗಾಡಿ ನನ್ನ ಬಾಗಿಲಿನಿಂದ ಓಡಿಕೊಂಡೇ ಹೊರಗೆ ಹೋಗುತ್ತದೆ. ಅದಕ್ಕೆ ನಾನು ಬಳಸುವ ಸಾಮಾನೆಲ್ಲ ಕತ್ತರಿಸಿದ ಒಂದು ಎಣ್ಣೆ ಡಬ್ಬಿಯಲ್ಲಿ ಹಿಡಿಯುತ್ತದೆ. ಅದರಲ್ಲಿ ಅರ್ಧ ಪಾನಾಗಳ ಬಾಯಿ ಸವೆದಿದೆ, ಒಂದೆರಡಕ್ಕೆ ವೆಲ್ಡಿಂಗ್ ಬಿದ್ದಿದೆ. ದುಡಿದ ಸಾಮಾನು ಹಾಗೇ ಇರುತ್ತದೆ, ದುಡಿದ ಮನುಷ್ಯನ ಹಾಗೆ.

ಇನ್ನು ನಮ್ಮ ಮಾಮಾ. ಅಕ್ಕನ ಗಂಡನನ್ನು ನಾನು ಕರೆಯುವುದು ಹಾಗೆ. ಊರು ಸುರೇಬಾನ. ಮನೆತನ ಪೂಜಾರಿಕೆಯದು. ಗುಡಿಯನ್ನು ಅವರ ಅಣ್ಣ ನೋಡಿಕೊಳ್ಳುತ್ತಾರೆ, ಇವರು ಹಿಟ್ಟಿನ ಗಿರಣಿ ನಡೆಸುತ್ತಾರೆ. ಜೋಳ ಬೀಸಿ ಸುಖವಾಗಿರಬಹುದಾದ ಈ ಮನುಷ್ಯನಿಗೆ ಎಲ್ಲಿಂದ ಬಂತೋ ಗೊತ್ತಿಲ್ಲ, ತಾನು ಗಾಡಿ ಮೇಸ್ತ್ರಿಯಾಗಬೇಕೆಂಬ ಹುಚ್ಚು. ಒಬ್ಬರಾದರೂ ನಂಬಿ ತಮ್ಮ ಗಾಡಿಯನ್ನು ತನ್ನ ಕೈಗೆ ಕೊಡಬೇಕು, ಅದು ತನ್ನ ಕೈಯಲ್ಲಿ ದುರಸ್ತಿಯಾಗಬೇಕು. ಬದುಕಿನಲ್ಲಿ ಅವರಿಗೆ ಬೇರೆ ಆಸೆಯನ್ನು ನಾನು ಕಂಡಿಲ್ಲ. ಗಾಡಿಯನ್ನು ಯಾರೂ ಕೊಡಲಿಲ್ಲ. ಅಂಗಡಿಯವರು ಪಾನಾ ಮಾತ್ರ ಕೊಡುತ್ತಾ ಹೋದರು.

ಅವರು ಸಾಮಾನು ಕೊಳ್ಳುವುದನ್ನು ನೋಡಬೇಕು. ಸುರೇಬಾನದಿಂದ ಬಸ್ಸು ಹತ್ತಿ, ರಾಮದುರ್ಗದಲ್ಲಿ ಬದಲಿಸಿ, ಬಿಳಿ ಧೋತರ ಉಟ್ಟು ಬೈಲಹೊಂಗಲಕ್ಕೆ ಬರುತ್ತಾರೆ. ನನ್ನ ಕೆಲಸ ಬಿಡಿಸಿ ಅಂಗಡಿಗೆ ಕರೆದೊಯ್ಯುತ್ತಾರೆ. ಕಿಸೆಯಿಂದ ಒಂದು ದಾರ ತೆಗೆದು ಪಾನಾದ ನಡುವಿಗೆ ಕಟ್ಟಿ, ಕಣ್ಣ ಮುಂದೆ ತೂಗುಬಿಡುತ್ತಾರೆ. ಅದು ಓಲಾಡುವುದು ನಿಲ್ಲುವ ತನಕ ಅಂಗಡಿಯ ವ್ಯಾಪಾರವೂ ನಿಲ್ಲುತ್ತದೆ.

"ಇದರ ತೂಕ ಒಂದ ಕಡೆ ಐತಿ," ಅಂದರು ಒಮ್ಮೆ.

ಅಂಗಡಿಯವನು ಹೇಳಿದ, "ಸ್ವಾಮ್ಯಾರ, ಇದು ಪಾನಾ ಐತ್ರಿ, ತಕ್ಕಡಿ ಅಲ್ಲ."

"ನಟ್ಟ ಬಿಚ್ಚಿದ್ರ ಸಾಕಲ್ರಿ ಮಾಮಾ," ಅಂದೆ ನಾನು.

"ನೀ ಸುಮ್ಮನಿರು ತಮ್ಮಾ. ನಿಂದು ಸುತಗಿ ಕೆಲಸ."

ನನ್ನದು ಸುತ್ತಿಗೆ ಕೆಲಸವಂತೆ. ಆ ಕೆಲಸದಿಂದ ಓಡುತ್ತಿರುವ ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿದರೆ ಮುರಗೋಡ ಮುಟ್ಟುತ್ತದೆ. ಆದರೂ ಹಿರಿಯರು, ಅಕ್ಕನ ಗಂಡ ಬೇರೆ. ಹಲ್ಲು ಕಚ್ಚಿ ನಿಂತೆ. ಅವತ್ತು ಅವರು ಕೊಂಡದ್ದು ಟಾರ್ಕ್ ರೆಂಚು. ಅದು ಮೊಳದುದ್ದದ ಒಂದು ಪಾನಾ. ನಟ್ಟು ಬಿಗಿಯಾಗುತ್ತಾ ಬಂದು ಇನ್ನು ಸಾಕು ಅನ್ನುವ ಹೊತ್ತಿಗೆ ಕಟ್ ಎಂದು ಸದ್ದು ಮಾಡುತ್ತದೆ. ಈ ಕೆಲಸವನ್ನು ನನ್ನ ತೋಳು ಪುಕ್ಕಟೆ ಮಾಡುತ್ತದೆ. ಮಾಮಾ ಅದನ್ನು ಮಗುವಿನಂತೆ ಎದೆಗೆ ಅವಚಿಕೊಂಡು ಬಸ್ಸು ಹತ್ತಿದರು. ಮನೆಗೆ ಒಯ್ದು ಅಕ್ಕನಿಗೆ ಅದರ ಗುಣಗಾನ ಮಾಡಿದರಂತೆ. ಅಕ್ಕ ರೊಟ್ಟಿ ಬಡಿಯುತ್ತಲೇ ಕೇಳಿದಳಂತೆ:

"ಹೌದ್ರಿ, ನಿಮಗ ಸಾಕು ಅನ್ನೂ ಪಾನಾ ಯಾವ ಅಂಗಡ್ಯಾಗ ಸಿಗತೈತಿ?"

ಗಿರಣಿಯ ಪಕ್ಕದ ಕೋಣೆಯೇ ಈ ಸಾಮಾನುಗಳ ಗರ್ಭಗುಡಿ. ಹಿಟ್ಟಿನ ಧೂಳು ತಾಗಬಾರದೆಂದು ಒಂದೊಂದು ಪಾನಾಕ್ಕೂ ಅಕ್ಕನ ಹಳೆಯ ಸೀರೆಯ ಚೂರು ಸುತ್ತಿಟ್ಟಿದ್ದಾರೆ. "ನನ್ನ ಸೀರಿ ನಾ ಉಟ್ಟಿದ್ದಕ್ಕಿಂತ ಅವು ಉಟ್ಟಿದ್ದ ಹೆಚ್ಚು" ಅನ್ನುತ್ತಾಳೆ ಅವಳು. ಅಲ್ಲಿ ಗಾಡಿಯ ಕೆಳಗೆ ಜಾರಲು ಮೇಸ್ತ್ರಿಗಳು ಬಳಸುವ, ಚಕ್ರವಿರುವ ಹಲಗೆಯೂ ಒಂದಿದೆ. ಗಾಡಿಯೇ ಇಲ್ಲದ ಮೇಲೆ ಎಲ್ಲಿ ಜಾರುತ್ತಾರೆ? ಮಧ್ಯಾಹ್ನ ಉಂಡು ಅದರ ಮೇಲೆ ಮಲಗುತ್ತಾರೆ. ಬಿಸಿಲು ಸರಿದು ಮೈಮೇಲೆ ಬಂದರೆ ಕಣ್ಣು ತೆರೆಯದೆಯೇ ಗೋಡೆಗೆ ಕಾಲು ಕೊಟ್ಟು ಒದ್ದು ನೆರಳಿಗೆ ಹೋಗುತ್ತಾರೆ. ಆ ಹಲಗೆಯ ಪೂರ್ಣ ಉಪಯೋಗ ಪಡೆದವರು ನಮ್ಮ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಇಷ್ಟಾದರೂ ಸಹಿಸಬಹುದಿತ್ತು. ಪೂಜಾರಿ ಮನೆತನದ ರಕ್ತ ಸುಮ್ಮನಿರಬೇಕಲ್ಲ! ದಸರೆಯ ನವಮಿಯ ದಿನ ನಾವೆಲ್ಲ ಖಂಡೇಪೂಜೆ ಮಾಡುತ್ತೇವೆ. ಪಾನಾ, ಸುತ್ತಿಗೆ, ಜಾಕು ತೊಳೆದಿಟ್ಟು ಕುಂಕುಮ ಹಚ್ಚಿ, ಕಾಯಿ ಒಡೆದು, ಆ ದಿನ ಅವಕ್ಕೆ ಬಿಡುವು ಕೊಡುತ್ತೇವೆ. ಮಾಮಾ ಇದಕ್ಕೊಂದು ಬಾಲ ಸೇರಿಸಿದರು. ಖಂಡೇಪೂಜೆ ಆಗದ ಸಾಮಾನಿನಿಂದ ಕೆಲಸ ಮಾಡಕೂಡದು. ಅಂದರೆ ದೀಪಾವಳಿಗೆ ಕೊಂಡ ಪಾನಾ ಮುಂದಿನ ನವಮಿಯವರೆಗೆ ಸೀರೆ ಉಟ್ಟುಕೊಂಡು ಕೂತಿರಬೇಕು.

ಒಂದು ಸಲ ಅವರ ಅಣ್ಣನ ಹಳೆಯ ಕಾರಿನಲ್ಲಿ ಎಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದೆವು. ಕಾರು ಓಡಿಸುತ್ತಿದ್ದವರು ಮಾಮಾ, ಹಿಂದೆ ನಾನು ಮತ್ತು ಅಕ್ಕ. ಉಗರಗೋಳ ಇನ್ನೇನು ಬಂತು ಅನ್ನುವಾಗ ಪಂಚರ್. ಡಿಕ್ಕಿ ತೆರೆದರೆ ಹೊಚ್ಚ ಹೊಸ ಹೈಡ್ರಾಲಿಕ್ ಜಾಕು ಮಿಂಚುತ್ತಿತ್ತು. ಕಾರಿನ ಜೊತೆ ಬಂದ ಹಳೆಯ ಜಾಕು ಕಳಪೆಯೆಂದು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ನಾನು ಹೊಸದನ್ನು ಎತ್ತಲು ಹೋದೆ. ಕೈ ಹಿಡಿದರು.

"ಪೂಜಿ ಆಗಿಲ್ಲ."

"ಎಲ್ಲವ್ವನ ಗುಡ್ಡದ ಬುಡದಾಗ ನಿಂತೇವ್ರಿ. ಆಕಿ ಹೆಸರ ಹೇಳಿ ಈಗ ಒಂದ್ ಚೂರು ಕುಂಕುಮ ಹಚ್ಚಿಬಿಡ್ರಿ."

"ಖಂಡೇಪೂಜಿ ವರ್ಷಕ್ಕೊಮ್ಮೆ ಬರೂದು. ನಮ್ಮ ಪಂಚರ್ ನೋಡಿ ದೇವರು ತಿಥಿ ಬದ್ಲಿ ಮಾಡ್ಬೇಕೇನು?"

ಆಮೇಲೆ ಮಾಡಿದ್ದೇನು ಗೊತ್ತೇ? ಗುಡ್ಡಕ್ಕೆ ಹೊರಟಿದ್ದ ಒಂದು ಟ್ರ್ಯಾಕ್ಟರಿಗೆ ಕೈ ಅಡ್ಡ ಹಾಕಿ, ಅದರಲ್ಲಿದ್ದ ಗಂಡಸರನ್ನೆಲ್ಲ ಇಳಿಸಿದರು. ಅವರು "ಉಧೋ ಉಧೋ" ಅನ್ನುತ್ತ ಕಾರನ್ನು ಎತ್ತಿ ಹಿಡಿದರು, ನಾನು ಅವಸರದಲ್ಲಿ ಚಕ್ರ ಬದಲಿಸಿದೆ. ಅವರಲ್ಲೊಬ್ಬ ಮುದುಕ ಬೆವರು ಒರೆಸಿಕೊಳ್ಳುತ್ತ ಡಿಕ್ಕಿಯಲ್ಲಿ ಇಣುಕಿದ.

"ಇದು ಜಾಕ್ ಅಲ್ಲೇನ್ರಿ?"

"ಹೌದು," ಅಂದರು ಮಾಮಾ.

"ಕೆಟ್ಟೈತೇನ್ರಿ?"

"ಇಲ್ಲ, ಹೊಸಾದು."

ಮುದುಕ ಮಾಮಾನನ್ನು ಮೇಲಿನಿಂದ ಕೆಳಗೆ ನೋಡಿದ. ಚೀಲದಿಂದ ಭಂಡಾರದ ಅರಿಶಿನ ತೆಗೆದು ಅವರ ಹಣೆಯ ತುಂಬ ಬಳಿದು, "ತಾಯಿ ನಿಮಗ ಲಗೂನ ಆರಾಮ ಮಾಡ್ಲಿ" ಅಂದು ಟ್ರ್ಯಾಕ್ಟರ್ ಹತ್ತಿದ. ಅಕ್ಕ ರಸ್ತೆಯ ಬದಿಗೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತಿದ್ದಳು.

ಹೋಗಲಿ, ಪೂಜೆಯಾದ ಪಾನಾಗಳಾದರೂ ಕೆಲಸ ಮಾಡುತ್ತವೆಯೇ? ಅವರದೇ ಗಿರಣಿಯ ಬೋಲ್ಟು ಸಡಿಲಾದಾಗ ರಾಮದುರ್ಗದಿಂದ ಗಿರಣಿ ಮೇಸ್ತ್ರಿ ಬಂದ. ಅವನು ತಂದ ಪಾನಾ ಅಳತೆಗೆ ಹೊಂದಲಿಲ್ಲ. ಪಕ್ಕದ ಕೋಣೆಯಲ್ಲಿ ಬೇಕಾದ ಅಳತೆಯದು ಇದೆ, ನವಮಿಗಳನ್ನು ಕಂಡದ್ದು. ಮಾಮಾ ಕೊಡಲಿಲ್ಲ. "ಅವು ಗಾಡಿ ಪಾನಾ. ಗಿರಣಿ ನಟ್ಟಿಗೆ ನಡ್ಯಂಗಿಲ್ಲ" ಅಂದರು. ನಟ್ಟು ಬೋಲ್ಟುಗಳಲ್ಲೂ ಜಾತಿ ಇದೆಯೆಂದು ನನಗೆ ತಿಳಿದದ್ದು ಆವಾಗಲೇ. ಪಾಪ, ಮೇಸ್ತ್ರಿ ಮತ್ತೆ ರಾಮದುರ್ಗಕ್ಕೆ ಹೋಗಿ ಬಂದ. ಹಿಟ್ಟಿಲ್ಲದೆ ಸುರೇಬಾನದ ಅರ್ಧ ಊರು ಅವತ್ತು ರೊಟ್ಟಿ ಬಿಟ್ಟು ಅನ್ನ ಉಂಡಿತು.

ನನ್ನ ಗ್ಯಾರೇಜಿಗೂ ಬಂದು ಕೂರುತ್ತಿದ್ದರು. ಹಳೆಯ ಟಯರಿನ ಮೇಲೆ ಕುಳಿತು ಬಂದ ಗಿರಾಕಿಗಳನ್ನೆಲ್ಲ ಮಾತಾಡಿಸುವುದು. ಕಿತ್ತೂರಿನ ಕಡೆಯ ರೈತನೊಬ್ಬನ ಮೋಟಾರ್‌ಸೈಕಲ್ಲು ಕಂಡು ಆಸೆಯಿಂದ ಕೇಳಿದರು, "ನಾ ನೋಡ್ಲೇನಪಾ ನಿನ್ನ ಗಾಡಿ?"

ರೈತ ಧೋತರ ನೋಡಿದ, ಆಮೇಲೆ ಕೈ ನೋಡಿದ. "ಬ್ಯಾಡ್ರಿ ಅಜ್ಜಾರ. ನಿಮ್ಮ ಕೈ ಭಾಳ ಸ್ವಚ್ಛ ಅದಾವು."

ಆಗ ನನ್ನ ಕಡೆ ತಿರುಗಿದರು. "ನಿನ್ನ ವ್ಯಾನರ ಕೊಡೋ ತಮ್ಮಾ, ಒಂದ್ ದಿನ."

"ನನ್ನ ವ್ಯಾನು ಚಾಲೂ ಐತ್ರಿ ಮಾಮಾ. ಅದರ ಮ್ಯಾಲ ನಿಮಗ್ಯಾಕ ಸಿಟ್ಟು?"

ಗ್ಯಾರೇಜಿನಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ಆದರೆ ಎಂದೂ ಬಿಡದ ಚಹಾ ಬಿಟ್ಟು ಬಸ್ಸಿಗೆ ಹೋದರು.

ಈ ಸಲ ಬನ್ನಿ ಹಬ್ಬವಾದ ಮೇಲೆ ಅಕ್ಕನಿಗೆ ಬನ್ನಿ ಕೊಡಲೆಂದು ಹೆಂಡತಿ ಮಕ್ಕಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಸುರೇಬಾನಕ್ಕೆ ಹೊರಟೆ. ಹಬ್ಬದ ಮುಂಚೆ ಗೇರ್‌ಬಾಕ್ಸ್ ಇಳಿಸುವಾಗ ನನ್ನ ಬಲಗೈ ಹೆಬ್ಬೆರಳು ಜಜ್ಜಿತ್ತು. ಡಾಕ್ಟರು ಅದಕ್ಕೆ ಬದನೆಕಾಯಿಯಷ್ಟು ದಪ್ಪ ಪಟ್ಟಿ ಸುತ್ತಿದ್ದರು. ರಾಮದುರ್ಗ ದಾಟಿದ ಮೇಲೆ ಮುಂದಿನ ಎಡಚಕ್ರ ಗುಂಯ್ಯೆನ್ನಲು ಶುರುವಾಯಿತು. ಬೇರಿಂಗ್ ಹೋಗಿತ್ತು. ನಿಧಾನವಾಗಿ ಅಕ್ಕನ ಮನೆ ಮುಟ್ಟಿಸಿದೆ. ಆ ಚಕ್ರದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ವಾಪಸು ಬೈಲಹೊಂಗಲಕ್ಕೆ ಹೋಗುವುದು ಆಗದ ಮಾತು.

ಎಡಗೈಯಲ್ಲೇ ಮಾಡುತ್ತೇನೆಂದು ಕೂತೆ. ಪಾನಾ ಜಾರಿ ಮೊಣಕಾಲಿಗೆ ಬಡಿಯಿತು. ರಾಮದುರ್ಗದ ಮೇಸ್ತ್ರಿಗಳಿಗೆ ಫೋನು ಮಾಡಿದೆ. ಹಬ್ಬದ ಗುಂಗು, ಒಬ್ಬನೂ ಎತ್ತಲಿಲ್ಲ. ಮಾಮಾ ಬಾಗಿಲಲ್ಲಿ ನಿಂತಿದ್ದರು. ಕೇಳಲೂ ಇಲ್ಲ, ಬರಲೂ ಇಲ್ಲ. ಖಂಡೇಪೂಜೆ ಮುಗಿದಿತ್ತು, ಆ ನೆಪವೂ ಇರಲಿಲ್ಲ.

ಕೊನೆಗೆ ಅಕ್ಕ ಹೊರಗೆ ಬಂದಳು. "ಅವರ ಮಾಡ್ತಾರ. ನೀ ಹೊರಸಿನ ಮ್ಯಾಲ ಕುಂಡ್ರು. ಬಾಯಿ ತಗದಿ ಅಂದ್ರ ಉಣ್ಣಾಕ ಹಾಕಂಗಿಲ್ಲ."

"ಬೇರಿಂಗ್ ಎಲ್ಲೈತಕ್ಕಾ? ಅಂಗಡಿ ಮುಚ್ಚ್ಯಾವು."

ಮಾಮಾ ಒಳಗೆ ಹೋಗಿ ಒಂದು ತಗಡಿನ ಪೆಟ್ಟಿಗೆ ತಂದರು. ಅದರಲ್ಲಿ ಬೇರಿಂಗ್ ಇತ್ತು. ಬ್ರೇಕ್ ಶೂ ಇತ್ತು, ಫ್ಯಾನ್ ಬೆಲ್ಟ್ ಇತ್ತು. ಎತ್ತಿ ನೋಡಿದರೆ ಎಲ್ಲ ನನ್ನ ವ್ಯಾನಿನವೇ, ಬೇರೆ ಯಾವ ಗಾಡಿಗೂ ಕೂಡುವಂಥವಲ್ಲ.

"ಇವು ಯಾವಾಗ ತಂದ್ರಿ?"

"ನೀ ವ್ಯಾನ್ ತಗೊಂಡಾಗನ," ಅಂದರು, ನನ್ನ ಮುಖ ನೋಡದೆ. "ಎಂದರ ಬೇಕಾಗತಾವಂತ."

ನಾನು ಹಗ್ಗದ ಹೊರಸಿನ ಮೇಲೆ ಕೂತೆ.

ಆ ಕೆಲಸ ನನ್ನ ಕೈಯಲ್ಲಾದರೆ ಚಹಾ ಆರುವುದರೊಳಗೆ ಅರ್ಧ ಮುಗಿಯುತ್ತದೆ. ಅವರು ಮೊದಲು ನೆಲ ಗುಡಿಸಿದರು. ಆಮೇಲೆ ಸೀರೆ ಚೂರುಗಳನ್ನು ಬಿಚ್ಚಿ, ಹಾಸಿದ ಚಾದರದ ಮೇಲೆ ಪಾನಾಗಳನ್ನು ಪಂಕ್ತಿಗೆ ಕೂರಿಸಿದರು. ಬಿಚ್ಚಿದ ನಟ್ಟನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರು. ಒರೆಸಿದ್ದನ್ನು ಮತ್ತೆ ಒರೆಸಿದರು. ಚಕ್ರದ ನಡುವಿನ ಹಬ್ ಎಳೆದು ತೆಗೆಯುವ ಮೊದಲು ಅದರ ಸುತ್ತ ಎರಡು ಸಲ ಬೆರಳಾಡಿಸಿ ನೋಡಿದರು. ನನಗೆ ಮೈಯೆಲ್ಲ ಉರಿ. ಬಾಯಿ ತೆರೆದಾಗಲೆಲ್ಲ ಅಕ್ಕ ಒಂದು ಮಿರ್ಚಿ ಬಜ್ಜಿ ಇಡುತ್ತಿದ್ದಳು. ಒಂದಾದರೂ ತಪ್ಪು ಹುಡುಕಲೇಬೇಕೆಂದು, ರೆಪ್ಪೆ ಬಡಿಯದೆ ಪ್ರತಿ ನಟ್ಟನ್ನೂ ನೋಡುತ್ತ ಕೂತೆ. ಗ್ರೀಸು ತುಂಬಿದ್ದು ನೋಡಿದೆ. ಬೇರಿಂಗ್ ಕೂರಿಸಿದ್ದು ನೋಡಿದೆ. ಚಕ್ರದ ನಟ್ಟುಗಳನ್ನು ಎದುರುಬದುರು ಬಿಗಿಯುತ್ತ ಬಂದು, ಒಂದೊಂದಕ್ಕೂ ಕಟ್ ಅನ್ನಿಸಿದ್ದು ಕೇಳಿದೆ.

ಮುಗಿಯುವ ಹೊತ್ತಿಗೆ ಬಿಸಿಲು ಇಳಿದಿತ್ತು. ಧೋತರ ನೋಡುವ ಹಾಗಿರಲಿಲ್ಲ. ಮೊಣಕೈವರೆಗೆ ಗ್ರೀಸು, ಹಣೆಗೂ ಗ್ರೀಸು. ಎದ್ದು ನನ್ನ ಮುಂದೆ ಬಂದು ನಿಂತು, ಪಾನಾದ ಹಿಡಿಯನ್ನು ನನ್ನ ಕಡೆ ಮಾಡಿ ಚಾಚಿದರು. ಅಷ್ಟು ಮೆತ್ತನೆಯ ದನಿಯನ್ನು ಅವರಿಂದ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

"ತಮ್ಮಾ, ಒಮ್ಮೆ ನೀ ಬಿಗಿ ಮಾಡಿ ನೋಡಿಬಿಡು. ಎಡಗೈಲೆ ಆದ್ರೂ."

ನನ್ನ ಗ್ಯಾರೇಜಿನಲ್ಲಿ ಯಾರೇ ಚಕ್ರ ಕಟ್ಟಲಿ, ಕೊನೆಗೆ ನನ್ನ ಕೈ ತಾಗದೆ ಗಾಡಿ ಹೊರಗೆ ಹೋಗುವುದಿಲ್ಲ. ನಾನು ಪಾನಾ ತೆಗೆದುಕೊಳ್ಳಲಿಲ್ಲ.

"ನೋಡೂದೇನೈತ್ರಿ," ಅಂದೆ. "ಮೇಸ್ತ್ರಿ ಕಟ್ಯಾರಲ್ಲ."

ಹೆಂಡತಿಯನ್ನೂ ಮಕ್ಕಳನ್ನೂ ಕರೆದು ಗಾಡಿ ಹತ್ತಲು ಹೇಳಿದೆ. ವ್ಯಾನು ಹೊರಟಾಗ ಮಾಮಾ ಹಿಂದೆ ನಿಲ್ಲಲಿಲ್ಲ. ಎಡಗಡೆಯ ಕಿಟಕಿಗೆ ಕೈ ಆನಿಸಿ, ಬೆನ್ನು ಬಗ್ಗಿಸಿ, ಕಿವಿಯನ್ನು ಚಕ್ರದ ಕಡೆ ಮಾಡಿಕೊಂಡು ಜೊತೆಜೊತೆಗೇ ನಡೆದು ಬಂದರು. ಚಕ್ರ ಸದ್ದೇ ಮಾಡಲಿಲ್ಲ. ಅವರು ಕೈ ತೆಗೆಯಲೂ ಇಲ್ಲ. ಓಣಿ ಮುಗಿಯುವವರೆಗೂ ನಾನು ಒಂದನೇ ಗೇರಿನಲ್ಲೇ ಓಡಿಸಿದೆ.