ಮಾವ ಕಟ್ಟಿದ ಶೀಲ್ಡು

ನಮ್ಮ ಸೋದರಮಾವನ ಕೈಗೆ ಬಿಟ್ಟಿದ್ದರೆ ಊರ ದೇವರ ಮುಖಕ್ಕೂ ಒಂದು ಪ್ಲಾಸ್ಟಿಕ್ ಶೀಲ್ಡು ಕಟ್ಟಿಬಿಡುತ್ತಿದ್ದರು! ಅಭಿಷೇಕದ ತುಪ್ಪ ಕಣ್ಣಿಗೆ ಸಿಡಿದರೆ ಯಾರು ಹೊಣೆ, ಹೇಳಿ?

ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ಔಷಧಿಗೆ ಸುಣ್ಣ ಕಲೆಸುವಾಗ ಸಿಡಿದು ಮಾವನ ಎಡಗಣ್ಣು ಹೋಗಿತ್ತು. ಅಲ್ಲಿಂದ ಶುರುವಾಯಿತು ನೋಡಿ, ಊರವರ ಕಣ್ಣುಗಳ ಚಿಂತೆ! ಯಾರೇ ಎದುರಾಗಲಿ, ಇವರ ಕಣ್ಣಿಗೆ ಏನು ಸಿಡಿಯಬಹುದು ಎಂದೇ ಮೊದಲ ಯೋಚನೆ.

ಮೊದಲು ಸಿಕ್ಕಿಬಿದ್ದವರು ಅತ್ತೆ. ಸಕಲೇಶಪುರದ ವೆಲ್ಡಿಂಗ್ ಅಂಗಡಿಯವನನ್ನು ಕಾಡಿ ಬೇಡಿ ಕಪ್ಪು ಗಾಜಿನ ಶೀಲ್ಡು ತಂದು, ಕೋಡುಬಳೆ ಕರಿಯಲು ಕೂತಿದ್ದ ಅತ್ತೆಗೆ ಕೊಟ್ಟರು. ವೆಲ್ಡಿಂಗ್ ಬೆಳಕಿಗೆಂದು ಮಾಡಿದ ಗಾಜು, ಅದರಲ್ಲಿ ಒಲೆ ಎಲ್ಲಿ ಕಂಡೀತು? ಅತ್ತೆ ಕೋಡುಬಳೆಯನ್ನು ಬಾಣಲೆ ಬಿಟ್ಟು ಬೂದಿಗೆ ಹಾಕಿದರು.

"ಏನೂ ಕಾಣ್ತಾ ಇಲ್ಲ ಕಣ್ರೀ!"

"ಕಾಣದಿದ್ರೇನಂತೆ? ಕಣ್ಣು ಭದ್ರವಾಗೈತಲ್ಲ!"

ಆಮೇಲೆ ಎಲ್ಲಿಂದಲೋ ಒಂದು ಪಾರದರ್ಶಕ ಶೀಲ್ಡು ಸಂಪಾದಿಸಿ, ಕೂದಲು ಹಾರಿ ಕಣ್ಣಿಗೆ ಬೀಳುತ್ತದೆಂದು ಬೆಳಗೋಡಿನ ಕ್ಷೌರದಂಗಡಿಯವನಿಗೆ ಕಟ್ಟಿದರು. ಅವನು ಮತ್ತೆ ಕತ್ತರಿ ಎತ್ತಿದ್ದೇ ತಡ, ಕುರ್ಚಿಯಲ್ಲಿದ್ದವರು ಅರ್ಧ ತಲೆಯಲ್ಲೇ ಎದ್ದರು. "ಏನ್ ಮಾರಾಯ, ನನ್ ತಲೇಲಿ ಅಂಥಾದ್ದೇನೈತೆ?" ಎಂದು ಹೊರಟೇಹೋದರು. ಮಾರನೆಯ ದಿನ ಶೀಲ್ಡು ಮಾವನಿಗೇ ವಾಪಸು ಬಂತು.

ಅದು ಕೊನೆಗೆ ಗಂಟುಬಿದ್ದದ್ದು ನನಗೆ. ತೋಟಕ್ಕೆ ಆಗಷ್ಟೇ ಕಳೆ ಹೊಡೆಯುವ ಮಷೀನು ಬಂದಿತ್ತು. ಅದರ ಬ್ಲೇಡಿಗೆ ಕಲ್ಲು ತಾಗಿದರೆ ಎತ್ತ ಹಾರುತ್ತದೋ ದೇವರೇ ಬಲ್ಲ! ಬರಿ ಮುಖದಲ್ಲಿ ಪಕ್ಕದಲ್ಲೇ ನಿಂತಿದ್ದ ಮಾವನತ್ತ ಶೀಲ್ಡು ಬಿಚ್ಚಿ ಚಾಚಿದೆ.

"ಮಾವ, ಇದನ್ನ ನೀವೇ ಹಾಕ್ಕೊಳ್ಳಿ. ನಿಮಗಿರೋದೇ ಒಂದು ಕಣ್ಣು."

"ಅದಕ್ಕೇ ಕಣೋ! ಹೋದ್ರೆ ನಂದು ಒಂದೇ. ನಿಂದು ಎರಡು ಹೋಗ್ತವಲ್ಲೋ!"

ಇಂಥ ವಾದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು? ದೂರ ಹೋಗಿ ಎಂದರೆ ಎರಡು ಹೆಜ್ಜೆ ಹಿಂದೆ ಹೋಗಿ ಮೂರು ಹೆಜ್ಜೆ ಮುಂದೆ ಬರುತ್ತಿದ್ದರು. ಒಂದು ಕಣ್ಣು ಮಷೀನಿನ ಮೇಲೆ, ಒಂದು ಕಣ್ಣು ಅವರ ಮೇಲೆ ಇಟ್ಟುಕೊಂಡೇ ನಾನು ಕೆಲಸ ಮಾಡಬೇಕಾಯಿತು.

ಒಂದು ಬೆಳಿಗ್ಗೆ ಮಂಜು ಜೋರಾಗಿತ್ತು. ಉಸಿರಿನ ಹಬೆಗೆ ಶೀಲ್ಡು ಮಬ್ಬಾಗಿ ಗಿಡ ಯಾವುದು, ಕಳೆ ಯಾವುದು ತಿಳಿಯಲಿಲ್ಲ. ಸಾಕಾಗಿ ಅದನ್ನು ಟೋಪಿಯ ಹಾಗೆ ಹಣೆಯ ಮೇಲಕ್ಕೆ ಸರಿಸಿಕೊಂಡೆ.

"ಇಳ್ಸೋ! ಇಳ್ಸೋ ಅಂದ್ರೆ!" ಮಾವ ಕಿರುಚಿದರು.

ಇವರ ಕಾಟ ತಪ್ಪಲಿ ಎಂದು ಗೊಣಗುತ್ತಾ ಇಳಿಸಿದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಟಪ್ ಎಂದಿತು! ಬಲಗಣ್ಣಿನ ನೇರಕ್ಕೆ ಶೀಲ್ಡು ಸೀಳಿಹೋಗಿತ್ತು.

ಮಷೀನು ನಿಲ್ಲಿಸಿದೆ. ಮಾವ ಓಡಿಬಂದು ಶೀಲ್ಡು ಕಿತ್ತೆಸೆದು, ನನ್ನ ಒಂದು ಕಣ್ಣು ಮುಚ್ಚಿ ಇನ್ನೊಂದರೆದುರು ಕೈ ಹಿಡಿದರು. "ಎಷ್ಟು ಬೆರಳು ಐತೆ? ಹೇಳೋ ಮಗಾ, ಎಷ್ಟು?"

ನನಗೆ ಕಾಣುತ್ತಿತ್ತು. ಆದರೆ ಅವರ ಕೈ ಎಷ್ಟು ನಡುಗುತ್ತಿತ್ತೆಂದರೆ ಬೆರಳು ಎಣಿಸಲಾಗಲಿಲ್ಲ.

"ಮೂರು," ಎಂದುಬಿಟ್ಟೆ.

ಸರಿಯೋ ತಪ್ಪೋ, ಅವರೂ ನೋಡಲಿಲ್ಲ. ಅವರ ಒಂದೇ ಕಣ್ಣು ತುಂಬಿಬಂದಿತ್ತು.

ಅವತ್ತೇ ಸಕಲೇಶಪುರದ ಬಸ್ಸು ಹತ್ತಿ ಎರಡು ಶೀಲ್ಡು ತಂದೆ. ಒಂದನ್ನು ಮಾವನ ಮುಖಕ್ಕೆ ನಾನೇ ಕಟ್ಟಿದೆ.