ಕಾಕಾನ ನಕಾಶೆಯಲ್ಲಿ ಹೆಸರಿಲ್ಲದ ಖೋಲಿ

ಚಿಕ್ಕೋಡಿಯಲ್ಲಿ ಯಾರ ಮನೆಯಲ್ಲಿ ಯಾರು ಗೊರಕೆ ಹೊಡೆಯುತ್ತಾರೆ ಎಂಬ ಸಂಗತಿ ನಮ್ಮ ಕಾಕಾನಿಗೆ ಗೊತ್ತಿರುವಷ್ಟು ಆಯಾ ಮನೆಯ ಹೆಂಡಂದಿರಿಗೂ ಗೊತ್ತಿರಲಿಕ್ಕಿಲ್ಲ! ತಪ್ಪು ತಿಳಿಯಬೇಡಿ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ, ಮದುವೆಯ ಗೊಡವೆಗೇ ಹೋಗದ ಸಂಭಾವಿತ. ಬಸ್ ನಿಲ್ದಾಣದ ಹಿಂದೆ ಅವನದೊಂದು ಸಣ್ಣ ಅಂಗಡಿ. ಮುಂದೆ ಕಂಪ್ಯೂಟರು, ಹಿಂದೆ ಪರದೆ, ಪರದೆಯ ಆಚೆ ಅವನ ಸಂಸಾರ, ಅಂದರೆ ಒಂದು ಮಂಚ ಮತ್ತು ಒಂದು ಗ್ಯಾಸ್ ಒಲೆ. ಮನೆ ಕಟ್ಟಿಸುವವರಿಗೆ ಕಂಪ್ಯೂಟರಿನಲ್ಲಿ ನಕಾಶೆ ತೆಗೆದುಕೊಡುವುದು ಅವನ ಉದ್ಯೋಗ. ಇದಕ್ಕೂ ಊರವರ ಗೊರಕೆಗೂ ಏನು ಸಂಬಂಧ ಎನ್ನುವಿರಾ? ಅದನ್ನೇ ಹೇಳಲು ಹೊರಟಿದ್ದೇನೆ.

ಗೆರೆ ಎಳೆಯುವುದು ಕಾಕಾನಿಗೆ ದೊಡ್ಡ ಮಾತಲ್ಲ. ಗೋಡೆ, ಬಾಗಿಲು, ಕಿಟಕಿಗಳನ್ನು ಚಹಾ ಆರುವುದರೊಳಗೆ ಮುಗಿಸುತ್ತಾನೆ. ಆಮೇಲೆ ಶುರುವಾಗುತ್ತದೆ ನೋಡಿ, ಬರೆಯುವ ಕೆಲಸ! ಯಾವ ಖೋಲಿಗೆ ಯಾವ ಹೆಸರು, ಎಲ್ಲಿ ಬಾಣದ ಗುರುತು, ಬಾಣದ ಬಾಲಕ್ಕೆ ಎಂಥ ಟಿಪ್ಪಣಿ ಎಂದು ವಾರಗಟ್ಟಲೆ ತಿದ್ದುತ್ತಾನೆ. ಬೇರೆಯವರು ‘ಬೆಡ್‌ರೂಮ್’, ‘ಕಿಚನ್’, ‘ಹಾಲ್’ ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ. ಕಾಕಾನ ಲೆಕ್ಕದಲ್ಲಿ ಮನುಷ್ಯರ ಹೆಸರಿಲ್ಲದ ಖೋಲಿ ಬರೀ ಗೋದಾಮು. ಹಾಗಾಗಿ ಗಿರಾಕಿ ಬಂದು ಕೂತ ಕೂಡಲೇ ವಿಚಾರಣೆ. ನಸುಕಿನಲ್ಲಿ ಯಾರು ಏಳುತ್ತಾರೆ? ಯಾರಿಗೆ ಕೆಮ್ಮು? ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ? ಗೊರಕೆ ಯಾರದು? ಇಷ್ಟಾದ ಮೇಲೆ ನಕಾಶೆಯಲ್ಲಿ ಅಚ್ಚುಕಟ್ಟಾಗಿ ‘ಆಯಿ. ಗೊರಕೆ ಇದೆ. ಈ ಗೋಡೆ ದಪ್ಪ ಇರಲಿ’ ಎಂಬ ಟಿಪ್ಪಣಿ ಬೀಳುತ್ತದೆ, ಬಾಣ ಸಮೇತ.

ಇಂಥ ನಕಾಶೆಯನ್ನು ಕಟ್ಟಡದ ಪರವಾನಗಿ ಕೊಡುವ ಯಾವ ಕಚೇರಿ ಒಪ್ಪೀತು? ಅದಕ್ಕೆ ಕಾಕಾ ಒಂದು ಉಪಾಯ ಮಾಡಿಕೊಂಡಿದ್ದಾನೆ. ಕಂಪ್ಯೂಟರಿನ ನಕಾಶೆಯಲ್ಲಿ ಪದರಗಳಿರುತ್ತವೆ, ಬೇಡವಾದದ್ದನ್ನು ಮುಚ್ಚಿಟ್ಟು ಬೇಕಾದದ್ದನ್ನಷ್ಟೇ ತೋರಿಸಬಹುದು. ಅಳತೆಗಳದ್ದು ಕಚೇರಿಯ ಪದರ, ಗೊರಕೆಗಳದ್ದು ಮನೆಯ ಪದರ. ಕಚೇರಿಗೆ ಹೋಗುವ ಪ್ರಿಂಟ್ ತೆಗೆಯುವಾಗ ಮನೆಯ ಪದರ ಮುಚ್ಚಬೇಕು. ನಿಪ್ಪಾಣಿಯವರೊಬ್ಬರ ನಕಾಶೆ ತೆಗೆಯುವಾಗ ಮುಚ್ಚಲು ಮರೆತ! ಮೆಟ್ಟಿಲ ಕೆಳಗೆ ಬಾಣ ಬಿಟ್ಟು ‘ಸೊಸೆ ಸಿಟ್ಟು ಬಂದಾಗ ಕೂಡುವ ಜಾಗ’ ಎಂದು ಬರೆದದ್ದು ಸೀದಾ ಕಚೇರಿಗೆ ಹೋಯಿತು. ಅಲ್ಲಿಂದ ನಕಾಶೆ ವಾಪಸ್ ಬಂದಾಗ ಕೆಂಪು ಶಾಯಿಯಲ್ಲಿ ಒಂದೇ ಒಂದು ಆಕ್ಷೇಪಣೆ ಇತ್ತು: ‘ಸದರಿ ಜಾಗದ ಅಳತೆ ನಮೂದಿಸಿರುವುದಿಲ್ಲ.’

ಆ ಮನೆಯ ಅತ್ತೆ ಜಗಳಕ್ಕೆಂದೇ ಅಂಗಡಿಗೆ ಬಂದರು, ಹಿಂದೆ ಸೊಸೆ. ಅತ್ತೆ ಕನ್ನಡದಲ್ಲಿ ಶುರು ಮಾಡಿ ಮರಾಠಿಗೆ ದಾಟಿ ಮತ್ತೆ ಕನ್ನಡಕ್ಕೆ ಬರುವವರೆಗೂ ಕಾಕಾ ತಲೆ ಎತ್ತಲಿಲ್ಲ. ಸೊಸೆ ಮಾತ್ರ ಕಾಗದವನ್ನೇ ನೋಡುತ್ತಿದ್ದವಳು, ಅಲ್ಲೊಂದು ಕಿಟಕಿ ಇಡಲಿಕ್ಕೆ ಬರುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಕಾಕಾ ಇಟ್ಟುಕೊಟ್ಟ.

ಇನ್ನು ತೆಲಸಂಗದ ರೈತರೊಬ್ಬರ ಕಥೆ ಕೇಳಿ. ಬಾಗಿಲು ಪೂರ್ವಕ್ಕೆ ಬೇಡ, ಪಶ್ಚಿಮಕ್ಕೆ ಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ಕಂಪ್ಯೂಟರಿನಲ್ಲಿ ಇಡೀ ನಕಾಶೆಯನ್ನು ಮಗುಚಿಬಿಟ್ಟರೆ ಆಯಿತು. ಆದರೆ ಒಂದು ಸೆಟ್ಟಿಂಗ್ ಮರೆತರೆ ಗೋಡೆಗಳ ಜೊತೆಗೆ ಅಕ್ಷರಗಳೂ ಉಲ್ಟಾ ಆಗುತ್ತವೆ. ಕಾಕಾ ಮರೆತ. ಪ್ರಿಂಟ್ ಕೈಗೆ ಬಂದಾಗ ಒಂದಕ್ಷರವೂ ಓದಲು ಬಾರದು, ತಿದ್ದೋಣವೆಂದರೆ ಕರೆಂಟಿಲ್ಲ, ರೈತರಿಗೆ ಬಸ್ಸಿನ ಅವಸರ. ಸೋಲೊಪ್ಪುವ ಪ್ರಾಣಿಯೇ ಕಾಕಾ? ಅವರನ್ನು ಪಕ್ಕದ ಕಟಿಂಗ್ ಅಂಗಡಿಗೆ ಕರೆದೊಯ್ದು ನಕಾಶೆಯನ್ನು ಕನ್ನಡಿಗೆ ಹಿಡಿದ. ಅಕ್ಷರಗಳೆಲ್ಲ ಸರಿಯಾಗಿ ಕಂಡವು! ರೈತರು ಖುಷಿಯಿಂದ ಓದತೊಡಗಿದರು. ಕುರ್ಚಿಯಲ್ಲಿ ಅರ್ಧ ಗಡ್ಡ ಹೆರೆಸಿಕೊಂಡು ಕೂತಿದ್ದ ಗಿರಾಕಿಯೊಬ್ಬ ಸಾಬೂನಿನ ನೊರೆಯೊಳಗಿಂದಲೇ, “ಬಾಗಲಾ ಮತ್ತ ಮೂಡಲಕ್ಕ ಬಂತಲ್ರಿ” ಎಂದ.

ಬೇರೆಯವರು ಮಾಡಿದ ನಕಾಶೆ ತಿದ್ದಲು ಬಂದರಂತೂ ಕಾಕಾನ ಮುಖ ನೋಡಬೇಕು. ಸಾಂಗಲಿ ಕಡೆಯಿಂದ ಬರುವ ನಕಾಶೆಗಳ ಅಕ್ಷರದ ಫಾಂಟು ಇವನ ಕಂಪ್ಯೂಟರಿನಲ್ಲಿ ಇರುವುದಿಲ್ಲ. ತೆರೆದರೆ ಖೋಲಿಖೋಲಿಯಲ್ಲೂ ಬರೀ ಪ್ರಶ್ನಾರ್ಥಕ ಚಿಹ್ನೆ. ಒಮ್ಮೆ ನನ್ನ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಪಕ್ಕದಲ್ಲಿ ಕೂತು ಅದನ್ನು ನೋಡಿ, ಪಾಪ, ಈ ಮನೆಯವರಿಗೆ ಎಲ್ಲದರ ಮೇಲೂ ಸಂಶಯವೇ ಎಂದು ಮರುಗಿದ್ದರು. ಅತ್ತೆ ಜುಗೂಳದ ಹೆಣ್ಣುಮಗಳು. ಹೊಳೆ ದಂಡೆಯವರಲ್ಲವೇ, ಕಂಡದ್ದನ್ನು ಕಂಡಂತೆ ಆಡುತ್ತಾರೆ.

ಇಷ್ಟು ನಗುತ್ತ ಹೇಳಿದೆನಲ್ಲ, ನಗಲಾಗದ ಒಂದು ಸಂಗತಿಯೂ ಇದೆ. ಹೋದ ಚಳಿಗಾಲದಲ್ಲಿ ಕಾಕಾ ಪರದೆಯ ಹಿಂದೆ ತಲೆ ತಿರುಗಿ ಬಿದ್ದ. ಶುಗರ್ ಇಳಿದಿತ್ತು. ಎಷ್ಟು ಹೊತ್ತಾದರೂ ಅಂಗಡಿ ತೆರೆಯಲಿಲ್ಲವೆಂದು ಕಟಿಂಗ್ ಅಂಗಡಿಯವನು ಬಾಗಿಲು ಮುರಿದು ನೋಡಿದ್ದಕ್ಕೆ ಕಾಕಾ ಬಚಾವಾದ. ಇನ್ನು ಮೇಲೆ ಒಬ್ಬನೇ ಇರಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದರು. ಅಪ್ಪ ತೀರಿಕೊಂಡ ಮೇಲೆ ಕಾಕಾನಿಗೆ ನಾನು, ನನಗೆ ಕಾಕಾ. ಅಥಣಿಗೆ ಬಂದು ನಮ್ಮ ಜೊತೆಗಿರು ಎಂದು ಎಷ್ಟು ಬೇಡಿಕೊಂಡರೂ ಅವನದು ಒಂದೇ ರಾಗ: ಹೆಣ್ಣುಮಗಳ ಮನೆಯಲ್ಲಿ ಉಂಡು ಬರಬಹುದು, ಠಿಕಾಣಿ ಹೂಡಬಾರದು. ಫೋನು ಎತ್ತದಿದ್ದ ದಿನ ನನಗೆ ಊಟ ಸೇರುತ್ತಿರಲಿಲ್ಲ.

ಅದೇ ಹೊತ್ತಿಗೆ ನಾವು ಅಥಣಿಯಲ್ಲಿ ಮನೆ ಕಟ್ಟಲು ಹೊರಟೆವು. ನಕಾಶೆ ಯಾರದಾಗಬೇಕು ಹೇಳಿ? ಕಾಕಾ ಹುರುಪಿನಿಂದ ತೆಗೆದ. ಅತ್ತೆಯ ಖೋಲಿಗೆ ‘ನಸುಕಿನಲ್ಲಿ ಏಳುತ್ತಾರೆ, ಬಚ್ಚಲು ಹತ್ತಿರ ಇರಲಿ’ ಎಂದು ಬರೆದ. ನಮ್ಮ ಯಜಮಾನರ ಕುರ್ಚಿಯ ಜಾಗಕ್ಕೆ ‘ಪೇಪರ್ ಓದುವುದು, ನಿದ್ದೆ ಬರುವ ಸಂಭವ’ ಎಂದು ಬರೆದ. ಕೊನೆಗೆ ಮುಂಬಾಗಿಲ ಪಕ್ಕದ ಸಣ್ಣ ಖೋಲಿ ಉಳಿಯಿತು. ಅದು ಬಂದುಹೋಗುವ ಪಾವಣ್ಯಾರಿಗೆ, ಗೆಸ್ಟ್ ರೂಮ್ ಎಂದು ಬರೆದುಬಿಡು ಅಂದೆ.

“ಪಾವಣ್ಯಾರು ಅಂದ್ರ ಯಾರು? ಹೆಸರ ಹೇಳು.”

“ನಿಂದ ಹಾಕ ಕಾಕಾ.”

ಕಾಕಾ ಪೈಪಿನ ಇಳಿಜಾರಿನ ಬಗ್ಗೆ ಮಾತಾಡತೊಡಗಿದ. ಆ ಖೋಲಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಇಟ್ಟ, ಅದನ್ನು ಅಲ್ಲಿಂದ ತೆಗೆಯಲೂ ಇಲ್ಲ, ಪ್ರಿಂಟ್ ಕೊಡಲೂ ಇಲ್ಲ. ಬುನಾದಿ ಪೂಜೆಯ ದಿನ ಹತ್ತಿರ ಬಂತು. ಮನೆ ಕಟ್ಟುವ ಗೌಂಡಿ ಫೋನ್ ಮಾಡಿ ಮಾಡಿ ಬೇಸತ್ತ. ಹೆಸರಿಲ್ಲದ ಖೋಲಿ ಇಟ್ಟುಕೊಂಡು ನಕಾಶೆ ಹೇಗೆ ಕೊಡಲಿ ಎಂಬುದು ಕಾಕಾನ ಹಟ.

ಕಡೆಗೆ ಒಂದು ಭಾನುವಾರ ಅತ್ತೆಯನ್ನು ಕರೆದುಕೊಂಡು ಚಿಕ್ಕೋಡಿಗೆ ಹೋದೆ. ಕಾಕಾ ಚಹಾ ಮಾಡಲು ಪರದೆಯ ಹಿಂದೆ ಹೋದ. ಕಂಪ್ಯೂಟರಿನಲ್ಲಿ ನಮ್ಮ ನಕಾಶೆಯೇ ತೆರೆದಿತ್ತು. ಕಾಲೇಜಿನ ರಜೆಯಲ್ಲಿ ಕಾಕಾನೇ ಕಲಿಸಿದ್ದ ವಿದ್ಯೆ, ಅಕ್ಷರದ ಮೇಲೆ ಎರಡು ಸಲ ಕ್ಲಿಕ್ಕಿಸಿದರೆ ಅದು ತಿದ್ದಲು ತೆರೆದುಕೊಳ್ಳುತ್ತದೆ. ಪ್ರಶ್ನಾರ್ಥಕ ಚಿಹ್ನೆಯನ್ನು ಅಳಿಸಿ ‘ಕಾಕಾ’ ಎಂದು ಟೈಪಿಸಿದೆ.

ಚಹಾದ ಕಪ್ಪು ಹಿಡಿದು ಬಂದವನು ಪರದೆಯ ಹತ್ತಿರವೇ ನಿಂತ.

“ತೆಗಿ ಅದನ್ನ. ಹೆಣ್ಮಗಳ ಮನಿ ಯವ್ವಾ ಅದು. ಮಂದಿ ಏನಂದಾರು?”

ಅತ್ತೆ ಅವನ ಕೈಯಿಂದ ಕಪ್ಪು ತೆಗೆದುಕೊಂಡು ಒಂದು ಗುಟುಕು ಕುಡಿದರು.

“ಬೀಗರ, ಅದ್ ಅಕಿ ಮನಿ ಅಂತ ಯಾರ ಹೇಳಿದ್ರು? ಇನ್ನಾ ನಾ ಇದ್ದೀನಿ. ಮನಿ ನಂದು, ಕರಿಯಾಕತ್ತಾಕಿ ನಾನು. ಊರ ಮಂದಿಗೆಲ್ಲಾ ಕೇಳ್ತೀರಲ್ಲಾ, ಈಗ ನಾ ಕೇಳ್ತೀನಿ ಹೇಳ್ರಿ. ಗೊರಕಿ ಹೊಡಿತೀರೇನು?”

ನಾನು ನಕ್ಕುಬಿಡುವುದರಲ್ಲಿದ್ದೆ. ಕಾಕಾ ನಗಲಿಲ್ಲ. ಶಾಲೆಯಲ್ಲಿ ಪ್ರಶ್ನೆ ಕೇಳಿಸಿಕೊಂಡವನ ಹಾಗೆ ನಿಜವಾಗಿಯೂ ಯೋಚಿಸಿದ.

“ಗೊತ್ತಿಲ್ರಿ ಅಕ್ಕಾರ” ಎಂದ. “ಹೇಳವ್ರು ಯಾರ ಇದ್ರು?”

ಊರೆಲ್ಲರ ಗೊರಕೆಗೆ ಗೋಡೆ ದಪ್ಪ ಮಾಡಿಕೊಟ್ಟ ಮನುಷ್ಯನಿಗೆ ತನ್ನದು ಗೊತ್ತಿರಲಿಲ್ಲ! ನನಗೆ ಕಣ್ಣು ತುಂಬಿ ಬಂತು. ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಚಹಾಕ್ಕೆ ಸಕ್ಕರೆ ಕಡಿಮೆ ಎಂದರು.

ಕಾಕಾ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ. ಅಳಿಸಿಬಿಡುತ್ತಾನೆ ಎಂದುಕೊಂಡೆ. ಮೊದಲು, ಅಕ್ಷರ ದೊಡ್ಡದಾಯಿತು ಎಂದು ಗೊಣಗಿ ಸಣ್ಣದು ಮಾಡಿದ. ಆಮೇಲೆ ಅದನ್ನು ಸರಿಸಿ ಸರಿಸಿ ಖೋಲಿಯ ನಟ್ಟನಡುವೆ ತಂದ. ಕನ್ನಡಕ ಒರೆಸಿಕೊಂಡ. ಕೊನೆಗೆ ಗೋಡೆಗೆ ಒಂದು ಬಾಣ ಬಿಟ್ಟು, ಅದರ ಬಾಲಕ್ಕೆ ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ಬರೆದ: ‘ಗೊರಕೆ: ಬಂದ ಮೇಲೆ ತಿಳಿಯುತ್ತದೆ.’